ಯುದ್ಧ ನಿಲ್ಲಲಿ, ಲೆಕ್ಕ ಮನ್ನಾ ಆಗದಿರಲಿ

(1/7)
ಈ ಸಲ ಸ್ವಲ್ಪ ಉದ್ದ ಇದೆ, ಒಟ್ಟು ಏಳು ಪೋಸ್ಟ್. ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿ.

2025ರ ನವೆಂಬರ್‌ನಲ್ಲಿ ಉಕ್ರೇನ್ ಯುದ್ಧ ನಿಲ್ಲಿಸೋಕೆ ಅಂತ ಅಮೆರಿಕದ ಕಡೆಯಿಂದ 28 ಅಂಶಗಳ ಒಂದು ಕರಡು ಹೊರಗೆ ಬಂತು, ನೆನಪಿದೆಯಾ? ಎಲ್ಲ ಚಾನೆಲ್‌ನಲ್ಲೂ ಎರಡೇ ವಿಷಯದ ಚರ್ಚೆ. ಯಾವ ಜಾಗ ಯಾರಿಗೆ ಹೋಗುತ್ತೆ, ಉಕ್ರೇನ್ ಸೇನೆಗೆ 6 ಲಕ್ಷದ ಮಿತಿ ಸರೀನಾ ಅಂತ. ಪಟ್ಟಿಯ ಕೊನೆಯ ಹತ್ತಿರ ಇನ್ನೊಂದು ಸಾಲಿತ್ತು. ಯುದ್ಧದಲ್ಲಿ ಭಾಗಿಯಾದ ಎಲ್ಲರಿಗೂ, ಯುದ್ಧದ ವೇಳೆ ಮಾಡಿದ ಕೆಲಸಗಳಿಗೆ ಪೂರ್ತಿ ಕ್ಷಮಾದಾನ. ಅಷ್ಟೇ. ಒಂದೇ ಸಾಲು. ಅದರ ಬಗ್ಗೆ ನಮ್ಮ ಕಡೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ಆ ಕರಡು ತಿದ್ದುಪಡಿಯಾಗ್ತಾ, ಚಿಕ್ಕದಾಗ್ತಾ ಹೋಯಿತು. ಆದ್ರೆ ಒಮ್ಮೆ ಮೇಜಿನ ಮೇಲೆ ಬಂದ ಯೋಚನೆ ಮತ್ತೆ ಬಂದೇ ಬರುತ್ತೆ. ಯಾಕಂದ್ರೆ ಅದು ಎಲ್ಲ ನಾಯಕರಿಗೂ ಅನುಕೂಲದ ಯೋಚನೆ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಬ್ಯಾಂಕ್ ಒಂದು ಸಾಲವನ್ನ ರೈಟ್ ಆಫ್ ಮಾಡಿದ್ರೂ ವಸೂಲಿ ಮಾಡುವ ಹಕ್ಕು ಉಳಿದಿರುತ್ತೆ. ಮೊರಟೋರಿಯಂ ಕೊಟ್ಟರೆ ಕಂತು ಮುಂದಕ್ಕೆ ಹೋಗುತ್ತೆ, ಸಾಲ ಹೋಗಲ್ಲ. ಮನ್ನಾ ಅಂದ್ರೆ ಮಾತ್ರ ಪುಸ್ತಕದಿಂದಲೇ ಅಳಿಸಿ ಹಾಕಿದ ಹಾಗೆ. ಆ ಸಾಲು ಕೇಳ್ತಿದ್ದದ್ದು ಮನ್ನಾ. ನನ್ನ ವಾದ ಇಷ್ಟೇ: ಯುದ್ಧ ನಾಳೆಯೇ ನಿಲ್ಲಲಿ, ಬೇಕಿದ್ರೆ ಮೊರಟೋರಿಯಂ ಕೊಡಿ, ಮನ್ನಾ ಮಾತ್ರ ಬೇಡ.

(2/7)
ಮೊದಲು ಲೆಕ್ಕದಲ್ಲಿ ಏನಿದೆ ನೋಡೋಣ.

2022ರ ಫೆಬ್ರುವರಿ 24ಕ್ಕೆ ರಷ್ಯಾದ ಸೇನೆ ಉಕ್ರೇನ್‌ನ ಒಳಗೆ ನುಗ್ಗಿತು. ನಮ್ಮಲ್ಲಿ ಬಹಳ ಜನ ಆಗ ಹೈಸ್ಕೂಲು. ಮಾರ್ಚ್ 16ಕ್ಕೆ ಮರಿಯುಪೋಲ್‌ನ ನಾಟಕ ಮಂದಿರದ ಮೇಲೆ ದಾಳಿಯಾಯಿತು. ಒಳಗೆ ಜನ ಆಶ್ರಯ ಪಡೆದಿದ್ದರು. ಹೊರಗೆ ನೆಲದ ಮೇಲೆ ಮೇಲಿನಿಂದ ಕಾಣೋ ಹಾಗೆ ದೊಡ್ಡ ಅಕ್ಷರದಲ್ಲಿ ರಷ್ಯನ್ ಭಾಷೆಯಲ್ಲಿ 'ಮಕ್ಕಳು' ಅಂತ ಬರೆದಿತ್ತು. ಮಾರ್ಚ್ ಕೊನೆಗೆ ಬುಚಾ ಎಂಬ ಊರಿಂದ ರಷ್ಯಾ ಸೇನೆ ಹಿಂದೆ ಸರಿದ ಮೇಲೆ ಅಲ್ಲಿ 400ಕ್ಕೂ ಹೆಚ್ಚು ಶವಗಳು ಸಿಕ್ಕವು.

ಇವೆರಡೂ ನಿಮಗೆ ಗೊತ್ತಿರಬಹುದು. ಮಕ್ಕಳ ವಿಷಯ ಅಷ್ಟು ಜನಕ್ಕೆ ಗೊತ್ತಿಲ್ಲ. ಆಕ್ರಮಿತ ಊರುಗಳ ಅನಾಥಾಲಯಗಳಿಂದ, ಶಿಬಿರಗಳಿಂದ ಮಕ್ಕಳನ್ನ ರಷ್ಯಾಕ್ಕೆ ಒಯ್ದರು. 19 ಸಾವಿರಕ್ಕೂ ಹೆಚ್ಚು ಮಕ್ಕಳು ಅಂತ ಉಕ್ರೇನ್ ಹೇಳುತ್ತೆ. ರಷ್ಯಾ ಇದನ್ನ ಸುರಕ್ಷತೆಗಾಗಿ ಮಾಡಿದ ಸ್ಥಳಾಂತರ ಅನ್ನುತ್ತೆ. ಸರಿ, ಸುರಕ್ಷತೆ ಅಂತಲೇ ಇಟ್ಕೊಳ್ಳಿ. ಹಾಗಾದ್ರೆ ಅವರಿಗೆ ರಷ್ಯಾದ ಪೌರತ್ವ ಬೇಗ ಸಿಗಲಿ ಅಂತ 2022ರ ಮೇ ತಿಂಗಳಲ್ಲಿ ಅಧ್ಯಕ್ಷರ ಆದೇಶ ಯಾಕೆ ಬಂತು? ನೆರೆ ಬಂದಾಗ ಪಕ್ಕದ ಮನೆಯ ಮಗುವನ್ನ ನಮ್ಮ ಮನೇಲಿ ಮಲಗಿಸ್ತೀವಿ. ಅದರ ಹೆಸರನ್ನ ನಮ್ಮ ರೇಷನ್ ಕಾರ್ಡಿಗೆ ಸೇರಿಸಲ್ಲ ಅಲ್ವಾ?

2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ, ಅಂದ್ರೆ ಐಸಿಸಿ (ಕ್ರಿಕೆಟ್ಟಿನದಲ್ಲ, ಹೇಗ್ ನಗರದಲ್ಲಿರೋದು), ವ್ಲಾದಿಮಿರ್ ಪುಟಿನ್ ಮತ್ತು ಅಲ್ಲಿನ ಮಕ್ಕಳ ಹಕ್ಕುಗಳ ಆಯುಕ್ತೆ ಮಾರಿಯಾ ಲ್ವೋವಾ-ಬೆಲೋವಾ ಮೇಲೆ ಬಂಧನ ವಾರಂಟ್ ಹೊರಡಿಸಿದ್ದು ಈ ಮಕ್ಕಳ ವಿಷಯಕ್ಕೇನೆ. ಬಾಂಬಿಗಲ್ಲ, ಟ್ಯಾಂಕಿಗಲ್ಲ. ಆಮೇಲೆ 2024ರಲ್ಲಿ ವಿದ್ಯುತ್ ಕೇಂದ್ರಗಳ ಮೇಲಿನ ದಾಳಿಗಳಿಗೆ ಸೇನಾಧಿಕಾರಿಗಳ ಮೇಲೆ, ರಕ್ಷಣಾ ಸಚಿವರಾಗಿದ್ದ ಶೋಯ್ಗು ಮೇಲೆ, ಸೇನಾ ಮುಖ್ಯಸ್ಥ ಗೆರಾಸಿಮೋವ್ ಮೇಲೆ ವಾರಂಟ್ ಬಂತು. ಬುಚಾ ನೋವಿನ ಚಿತ್ರ. ಆದ್ರೆ ಅಲ್ಲಿ ಗುಂಡು ಹೊಡೆದವನಿಂದ ಅಧ್ಯಕ್ಷರವರೆಗೆ ಸರಪಳಿ ಜೋಡಿಸಬೇಕು. ಮಕ್ಕಳ ವಿಷಯದಲ್ಲಿ ಆದೇಶದ ಮೇಲೆ ಸಹಿ ಇದೆ. ನಮಗೆ ಆಡಿಟಿಂಗ್ ಕ್ಲಾಸಲ್ಲಿ ಹೇಳಿಕೊಡೋದೂ ಇದನ್ನೇ: ವೋಚರ್ ಇಲ್ಲದ ಎಂಟ್ರಿ ನಂಬಬೇಡಿ, ಸಹಿ ಯಾರದ್ದು ನೋಡಿ.

(3/7)
ಕಂಪನಿ ಲಾ ಓದಿದವರಿಗೆ ಸಾಲೊಮನ್ ಕೇಸ್ ಗೊತ್ತು. 1897. ಕಂಪನಿ ಬೇರೆ, ಅದರ ಮಾಲೀಕ ಬೇರೆ, ಕಾನೂನಿನ ಕಣ್ಣಲ್ಲಿ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಎಕ್ಸಾಮಿಗೆ ಐದು ಮಾರ್ಕಿಂದು. ಅದರ ಬೆನ್ನಿಗೇ ಬರೋ ಟಾಪಿಕ್ 'ಲಿಫ್ಟಿಂಗ್ ದಿ ಕಾರ್ಪೊರೇಟ್ ವೇಲ್'. ಕಂಪನಿ ಅನ್ನೋ ಮುಸುಕಿನ ಹಿಂದೆ ಕೂತು ಮೋಸ ಮಾಡಿದ್ರೆ ಕೋರ್ಟು ಆ ಮುಸುಕನ್ನ ಎತ್ತಿ ಒಳಗಿರೋ ಮನುಷ್ಯನನ್ನ ಹಿಡಿಯುತ್ತೆ.

ದೇಶ ಅನ್ನೋದೂ ಹಾಗೇ ಒಂದು ಮುಸುಕು. 'ರಷ್ಯಾ ದಾಳಿ ಮಾಡಿತು' ಅಂತೀವಿ. ರಷ್ಯಾ ಅಂದ್ರೆ ಯಾರು? ಹದಿನಾಲ್ಕು ಕೋಟಿ ಜನ. ಅದರಲ್ಲಿ ಯುದ್ಧ ಬೇಡ ಅಂತ ಬೀದಿಗಿಳಿದು ಜೈಲಿಗೆ ಹೋದವರೂ ಇದ್ದಾರೆ. ನಿರ್ಬಂಧ ಹಾಕಿದಾಗ ಅದರ ಬಿಸಿ ತಟ್ಟೋದು ಮುಸುಕಿಗೆ, ಅಂದ್ರೆ ಅಂಗಡಿಯಲ್ಲಿ ಕ್ಯೂ ನಿಂತವರಿಗೆ. ಒಳಗಿರುವವರಿಗೆ ಅಷ್ಟಾಗಿ ತಟ್ಟಲ್ಲ.

ಈ ಮುಸುಕನ್ನ ದೊಡ್ಡ ಮಟ್ಟದಲ್ಲಿ ಮೊದಲು ಎತ್ತಿದ್ದು 1945-46ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ. ಹಿಟ್ಲರ್ ಸತ್ತಿದ್ದ, ಅವನ ಕೈಕೆಳಗಿನವರು ಕಟಕಟೆಯಲ್ಲಿದ್ದರು. ಅಲ್ಲಿ ಒಂದು ಹೊಸ ಆರೋಪವಿತ್ತು, ಶಾಂತಿಯ ವಿರುದ್ಧದ ಅಪರಾಧ. ಆಕ್ರಮಣಕಾರಿ ಯುದ್ಧ ಶುರು ಮಾಡಿದ್ದೇ ಅಪರಾಧ ಅಂತ. ಇದನ್ನ ಕಾನೂನಿನ ಭಾಷೆಗೆ ತರೋದರಲ್ಲಿ ದೊಡ್ಡ ಪಾತ್ರ ವಹಿಸಿದವರು ಯಾರು ಗೊತ್ತಾ? ಸೋವಿಯತ್ ಕಾನೂನು ಪಂಡಿತ ಆರನ್ ಟ್ರೈನಿನ್. ಪ್ರಾಸಿಕ್ಯೂಷನ್ ನಡೆಸಿದ ನಾಲ್ಕು ದೇಶಗಳಲ್ಲಿ ಸೋವಿಯತ್ ಒಕ್ಕೂಟವೂ ಒಂದು. ಇವತ್ತು ಮಾಸ್ಕೋ ಯಾವ ಕಾನೂನನ್ನ ಪಶ್ಚಿಮದವರ ಆಟ ಅನ್ನುತ್ತೋ ಅದನ್ನ ಕಟ್ಟಿದವರಲ್ಲಿ ಮಾಸ್ಕೋದವರೂ ಇದ್ದರು.

ಇಲ್ಲಿ ನಮ್ಮ ದೇಶದ ಒಬ್ಬರ ಹೆಸರು ಹೇಳಲೇಬೇಕು. ಜಪಾನಿನ ನಾಯಕರನ್ನ ವಿಚಾರಿಸಿದ ಟೋಕಿಯೊ ನ್ಯಾಯಮಂಡಳಿಯಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿದ್ದ ರಾಧಾಬಿನೋದ್ ಪಾಲ್ ನ್ಯಾಯಾಧೀಶರು. 1948ರಲ್ಲಿ ಉಳಿದವರು ಶಿಕ್ಷೆ ಕೊಟ್ಟಾಗ ಇವರು ಸಾವಿರಕ್ಕೂ ಹೆಚ್ಚು ಪುಟದ ಭಿನ್ನ ತೀರ್ಪು ಬರೆದು ಎಲ್ಲ ಆರೋಪಿಗಳೂ ನಿರ್ದೋಷಿಗಳು ಅಂದರು. ದೌರ್ಜನ್ಯ ನಡೆದೇ ಇಲ್ಲ ಅಂತ ಅವರು ಹೇಳಲಿಲ್ಲ. ಅವರ ತಕರಾರು ಎರಡು. ಯುದ್ಧ ಶುರುವಾದಾಗ ಇಂಥ ಕಾನೂನೇ ಇರಲಿಲ್ಲ. ಮತ್ತೆ, ಗೆದ್ದವರು ಸೋತವರನ್ನ ವಿಚಾರಿಸೋದು ನ್ಯಾಯ ಅಲ್ಲ, ಅದರಲ್ಲೂ ಅಣುಬಾಂಬ್ ಹಾಕಿದವರು. ಎರಡನೇ ತಕರಾರು ನನಗೆ ಇವತ್ತಿಗೂ ಸರಿ ಅನ್ಸುತ್ತೆ. ಮೊದಲನೆಯದು 1948ಕ್ಕೆ ಸರಿ ಇರಬಹುದು, 2022ಕ್ಕೆ ನಡೆಯಲ್ಲ. ಇವತ್ತು ಕಾನೂನು ಇದೆ, ಎಲ್ಲರಿಗೂ ಮೊದಲೇ ಗೊತ್ತಿದೆ. (ಇನ್ನೊಂದು ವಿಚಿತ್ರ: ಜಪಾನಿನ ಯಾಸುಕುನಿ ದೇಗುಲದಲ್ಲಿ ಪಾಲ್ ಅವರ ಸ್ಮಾರಕ ಇದೆ. ಯುದ್ಧಾಪರಾಧವೇ ಆಗಿಲ್ಲ ಅನ್ನುವವರಿಗೆ ಅವರು ಹೀರೋ. ಅವರು ಬರೆದದ್ದು ಅದನ್ನಲ್ಲ.)

(4/7)
'ವಾರಂಟ್ ಹೊರಡಿಸಿ ಏನಾಯ್ತು ಮಗಾ, ಹಿಡಿಯೋರು ಯಾರು?' ಹಳೇ ಪೋಸ್ಟಿಗೆ ಅತಿ ಹೆಚ್ಚು ಬಂದ ಕಾಮೆಂಟ್ ಇದು. ಒಪ್ಪುವ ಮಾತೇ.

2024ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಮಂಗೋಲಿಯಾಕ್ಕೆ ಹೋದರು. ಮಂಗೋಲಿಯಾ ಐಸಿಸಿ ಸದಸ್ಯ ದೇಶ, ಬಂಧಿಸುವ ಬಾಧ್ಯತೆ ಇತ್ತು. ಬಂಧಿಸೋದಿರಲಿ, ಮೆರವಣಿಗೆ ಮಾಡಿ ಕಳಿಸಿದರು. ಅಕ್ಟೋಬರ್‌ನಲ್ಲಿ ಐಸಿಸಿ 'ನೀವು ಕರ್ತವ್ಯ ಪಾಲಿಸಿಲ್ಲ' ಅಂತ ತೀರ್ಮಾನ ಕೊಟ್ಟಿತು. ಅಷ್ಟೇ. 2025ರ ಆಗಸ್ಟ್‌ನಲ್ಲಿ ಅಲಾಸ್ಕಾದಲ್ಲಿ ಕೆಂಪು ಹಾಸು. ಡಿಸೆಂಬರ್‌ನಲ್ಲಿ ದೆಹಲಿ. ಅಮೆರಿಕವೂ ಭಾರತವೂ ಸದಸ್ಯರಲ್ಲ, ಹಾಗಾಗಿ ಬಂಧಿಸುವ ಬಾಧ್ಯತೆ ಇಲ್ಲ. ನಮಗಿದು ಹೊಸದೂ ಅಲ್ಲ. ಡಾರ್ಫುರ್ ವಿಷಯಕ್ಕೆ 2009ರಲ್ಲೇ ವಾರಂಟ್ ಆಗಿದ್ದ ಸುಡಾನಿನ ಒಮರ್ ಅಲ್-ಬಶೀರ್ 2015ರಲ್ಲಿ ಭಾರತ-ಆಫ್ರಿಕಾ ಶೃಂಗಸಭೆಗೆ ದೆಹಲಿಗೆ ಬಂದು ಫೋಟೋಗೆ ನಿಂತು ಹೋಗಿದ್ದರು.

ಆದ್ರೆ ಹಲ್ಲಿಲ್ಲದ ಹಾವಿಗೂ ಜನ ಸ್ವಲ್ಪ ದೂರ ನಿಲ್ತಾರೆ. 2023ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಕ್ಸ್ ಸಭೆ ಇತ್ತು. ಪುಟಿನ್ ಹೋಗಲಿಲ್ಲ, ವಿಡಿಯೋದಲ್ಲಿ ಮಾತಾಡಿದರು. ಅಷ್ಟು ದೊಡ್ಡ ದೇಶದ ಅಧ್ಯಕ್ಷರು ಪ್ರವಾಸ ಹೊರಡೋ ಮುಂಚೆ ವಕೀಲರನ್ನ ಕೇಳಬೇಕಾಗುತ್ತೆ. ಅದು ಶಿಕ್ಷೆ ಅಲ್ಲ, ಗೊತ್ತು. ಸೊನ್ನೆಯೂ ಅಲ್ಲ.

ಮತ್ತೆ ಕಾಲ ತಿರುಗುತ್ತೆ. ಯುಗೊಸ್ಲಾವಿಯಾದ ಮಿಲೋಸೆವಿಚ್ ಮೇಲೆ ಆರೋಪ ಹೊರಿಸಿದ್ದು 1999ರ ಮೇ ತಿಂಗಳಲ್ಲಿ, ಅಧಿಕಾರದಲ್ಲಿದ್ದಾಗಲೇ. ಎಲ್ಲರೂ ನಕ್ಕಿರಬೇಕು. 2001ರ ಜೂನ್‌ನಲ್ಲಿ ಅವರದೇ ದೇಶದವರು ಹೇಗ್‌ಗೆ ಒಪ್ಪಿಸಿದರು. (ತೀರ್ಪು ಬರೋ ಮುಂಚೆ 2006ರಲ್ಲಿ ಸೆರೆಯಲ್ಲೇ ತೀರಿಕೊಂಡರು, ಅದೂ ನಿಜ.) ಲೈಬೀರಿಯಾದ ಚಾರ್ಲ್ಸ್ ಟೇಲರ್ ಮೇಲಿನ ಆರೋಪ ಹೊರಬಿದ್ದದ್ದು 2003ರಲ್ಲಿ, ಆಗ ಅಧ್ಯಕ್ಷ. 2012ರಲ್ಲಿ 50 ವರ್ಷ ಜೈಲು. ಫಿಲಿಪ್ಪೀನ್ಸ್‌ನ ದುತೆರ್ತೆ ಅಧಿಕಾರದಲ್ಲಿದ್ದಾಗ ಐಸಿಸಿಯನ್ನ ಬಾಯಿಗೆ ಬಂದಂತೆ ಬೈದವರು. 2025ರ ಮಾರ್ಚ್‌ನಲ್ಲಿ ಮನಿಲಾ ವಿಮಾನ ನಿಲ್ದಾಣದಲ್ಲೇ ಬಂಧನ, ಅವತ್ತೇ ಹೇಗ್ ಕಡೆ ವಿಮಾನ. ಅದು ಡ್ರಗ್ಸ್ ಹೆಸರಿನ ಕೊಲೆಗಳ ಕೇಸು, ದೇಶ ದೇಶಗಳ ಯುದ್ಧದ್ದಲ್ಲ. ಆದ್ರೂ ವಾರಂಟಿಗೆ ಎಕ್ಸ್‌ಪೈರಿ ಡೇಟ್ ಇಲ್ಲ ಅನ್ನೋದಕ್ಕೆ ಸಾಕ್ಷಿ.

ಕ್ಷಮಾದಾನದ ಆ ಒಂದು ಸಾಲು ಕಿತ್ತುಕೊಳ್ಳೋದು ಇದನ್ನೇ. ಇವತ್ತಿನ ಬಂಧನವನ್ನಲ್ಲ, ಅದು ಹೇಗಿದ್ರೂ ಆಗಲ್ಲ. ಹತ್ತು ವರ್ಷದ ಮೇಲಿನ ಬಂಧನವನ್ನ.

(5/7)
ಈಗ ಎರಡನೇ ಕಾಮೆಂಟ್: 'ಇರಾಕ್ ಮೇಲೆ ಬಿದ್ದಾಗ ಬುಷ್‌ಗೆ ವಾರಂಟ್ ಎಲ್ಲಿತ್ತು?'

ಇರಲಿಲ್ಲ. 2003ರ ಆ ಯುದ್ಧಕ್ಕೆ ಕಾರಣ ಕೊಟ್ಟ ಸಮೂಹನಾಶಕ ಅಸ್ತ್ರಗಳೂ ಇರಲಿಲ್ಲ. ಯಾರೂ ಕಟಕಟೆ ಹತ್ತಲಿಲ್ಲ. ಇದನ್ನ ಮುಚ್ಚಿಟ್ಟು ಪುಟಿನ್ ಬಗ್ಗೆ ಭಾಷಣ ಮಾಡುವವರ ಮೇಲೆ ನನಗೂ ಸಿಟ್ಟಿದೆ. 2023ರಲ್ಲಿ ಪುಟಿನ್ ಮೇಲಿನ ವಾರಂಟ್ ನ್ಯಾಯವಾದದ್ದು ಅಂದ ಅಧ್ಯಕ್ಷ ಬೈಡನ್, 2024ರ ನವೆಂಬರ್‌ನಲ್ಲಿ ಗಾಜಾ ವಿಷಯಕ್ಕೆ ಇಸ್ರೇಲ್‌ನ ನೆತನ್ಯಾಹು ಮತ್ತು ಗಾಲಂಟ್ ಮೇಲೆ ಅದೇ ಕೋರ್ಟು ವಾರಂಟ್ ಹೊರಡಿಸಿದಾಗ ಖಂಡಿಸಿದರು. (ಅದೇ ದಿನ ಹಮಾಸ್‌ನ ಕಮಾಂಡರ್ ಮೇಲೂ ವಾರಂಟ್ ಇತ್ತು.) ಟ್ರಂಪ್ ಬಂದ ಮೇಲೆ ಐಸಿಸಿಯ ನ್ಯಾಯಾಧೀಶರ ಮೇಲೇ ನಿರ್ಬಂಧ. ಪುಟಿನ್ ವಿಷಯದಲ್ಲಿ ಕಾನೂನು ಕಾನೂನು ಅನ್ನುವ ಯುರೋಪಿನಲ್ಲೇ ಹಂಗೆರಿ 2025ರ ಏಪ್ರಿಲ್‌ನಲ್ಲಿ ನೆತನ್ಯಾಹುಗೆ ಸ್ವಾಗತ ಕೊಟ್ಟು, ಕೋರ್ಟಿನಿಂದಲೇ ಹೊರಗೆ ಹೋಗ್ತೀವಿ ಅಂತ ಘೋಷಿಸಿತು.

ಉಕ್ರೇನನ್ನೂ ಬಿಡಬೇಡಿ. 2025ರ ಜನವರಿ 1ರಿಂದ ಅದು ಐಸಿಸಿ ಸದಸ್ಯ. ಆದ್ರೆ ಸೇರುವಾಗಲೇ ಒಂದು ಷರತ್ತು ಹಾಕಿತು: ಏಳು ವರ್ಷ ತನ್ನ ಪ್ರಜೆಗಳ ಯುದ್ಧಾಪರಾಧದ ವಿಷಯದಲ್ಲಿ ಕೋರ್ಟಿನ ಅಧಿಕಾರ ಒಪ್ಪಲ್ಲ ಅಂತ. ಆ ಅವಕಾಶ ಕಾಯ್ದೆಯಲ್ಲೇ ಇದೆ, ನಿಜ. ನ್ಯಾಯ ಕೇಳುವವರಿಗೆ ಶೋಭೆ ತರುವಂಥದ್ದಲ್ಲ.

ತಮಗೊಂದು ನ್ಯಾಯ, ಪರರಿಗೊಂದು ನ್ಯಾಯ. ಒಪ್ಪಿದೆ. ಆದ್ರೆ ಇದರಿಂದ ಏನು ತೀರ್ಮಾನಕ್ಕೆ ಬರ್ತೀರಿ? ನಮ್ಮ ಊರಲ್ಲಿ ದೊಡ್ಡ ಕುಳ ಬ್ಯಾಂಕಿಗೆ ಟೋಪಿ ಹಾಕಿ ವಿದೇಶಕ್ಕೆ ಓಡಿಹೋದ ಅಂತ, ಇನ್ನು ಮೇಲೆ ಯಾರ ಸಾಲವನ್ನೂ ಕೇಳಬಾರದು ಅಂತೀವಾ? ಅವನನ್ನೂ ಹಿಡಿದು ತನ್ನಿ ಅಂತೀವಿ. ಬುಷ್ ಹೆಸರು ಹೇಳಿ ಪುಟಿನ್‌ರನ್ನ ಬಿಡಿಸುವವರು, ಪುಟಿನ್ ಹೆಸರು ಹೇಳಿ ನೆತನ್ಯಾಹುರನ್ನ ಬಿಡಿಸುವವರು, ಇಬ್ಬರದ್ದೂ ಒಂದೇ ಕೆಲಸ. ನಮ್ಮ ಕಾಮೆಂಟ್ ಬಾಕ್ಸಲ್ಲಿ ಇದು ಆರ್‌ಸಿಬಿ-ಸಿಎಸ್‌ಕೆ ಥರ ನಡೀತಾ ಇದೆ. ನಿಮ್ಮವನು ಔಟು, ನಮ್ಮವನು ನಾಟ್ ಔಟು. ಮರಿಯುಪೋಲ್‌ನ ಮಗುವಿಗೂ ಗಾಜಾದ ಮಗುವಿಗೂ ಯಾವ ಟೀಮೂ ಇಲ್ಲ.

(6/7)
ಇನ್ನು ನಿಜವಾಗಲೂ ಕಷ್ಟದ ಪ್ರಶ್ನೆ. ಇದನ್ನ ಕೇಳಿದ್ದು ನನ್ನ ಕ್ಲಾಸ್‌ಮೇಟ್. 'ದಿನಾ ಜನ ಸಾಯ್ತಿದ್ದಾರೆ. ಒಪ್ಪಂದಕ್ಕೆ ಸಹಿ ಹಾಕಬೇಕಾದವನೇ ಪುಟಿನ್. ಸಹಿ ಹಾಕು, ಆಮೇಲೆ ಜೈಲಿಗೆ ಹಾಕ್ತೀವಿ ಅಂದ್ರೆ ಯಾರು ಸಹಿ ಹಾಕ್ತಾರೆ? ನಿನ್ನ ನ್ಯಾಯಕ್ಕೆ ಇನ್ನೆಷ್ಟು ಜನ ಸಾಯಬೇಕು?'

ಇದಕ್ಕೆ ಸುಲಭದ ಉತ್ತರ ಇಲ್ಲ. ಕುರ್ಚಿ ಬಿಟ್ಟರೆ ಜೈಲು ಅಂತ ಗೊತ್ತಾದವನು ಕುರ್ಚಿಯನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಳ್ತಾನೆ. ರಷ್ಯಾದಲ್ಲಿ 2020ರಲ್ಲಿ ಸಂವಿಧಾನ ತಿದ್ದಿ 2036ರವರೆಗೆ ಪುಟಿನ್ ಇರಬಹುದು ಅಂತ ಮಾಡಿಕೊಂಡರು. ಅದೇ ವರ್ಷ ಮಾಜಿ ಅಧ್ಯಕ್ಷರಿಗೆ ಜೀವನಪರ್ಯಂತ ರಕ್ಷಣೆಯ ಕಾನೂನೂ ಬಂತು. ಅಂದ್ರೆ ಭಯ ಐಸಿಸಿಗಿಂತ ಮುಂಚೆಯೇ ಇತ್ತು, ಹೊರಗಿನವರದ್ದಷ್ಟೇ ಅಲ್ಲ.

ಆದ್ರೆ ಆರೋಪ ಇದ್ದರೆ ಶಾಂತಿ ಆಗೋದೇ ಇಲ್ಲ ಅನ್ನೋದು ತಪ್ಪು. ಮಿಲೋಸೆವಿಚ್ ದಿನಾಂಕಗಳನ್ನ ನೋಡಿ. ಆರೋಪಪಟ್ಟಿ ಹೊರಬಿದ್ದದ್ದು 1999ರ ಮೇ 27. ಕೊಸೊವೊ ಯುದ್ಧ ನಿಲ್ಲಿಸುವ ಷರತ್ತುಗಳನ್ನ ಅವರು ಒಪ್ಪಿದ್ದು ಜೂನ್ 3. ಒಂದು ವಾರ! ಆರೋಪಕ್ಕೆ ಹೆದರಿ ಒಪ್ಪಿದರು ಅಂತ ನಾನು ಹೇಳ್ತಿಲ್ಲ, ಬಾಂಬ್ ದಾಳಿ, ರಷ್ಯಾದ ಒತ್ತಡ ಎಲ್ಲ ಇತ್ತು. ಆರೋಪ ಅಡ್ಡ ಬರಲಿಲ್ಲ ಅಂತಷ್ಟೇ. ನಾಯಕರು ಯುದ್ಧ ನಿಲ್ಲಿಸೋದು ಸೇನೆ ಸುಸ್ತಾದಾಗ, ಖಜಾನೆ ಖಾಲಿಯಾದಾಗ. ಕ್ಷಮಾದಾನ ಅವರು ಮೇಲಿಂದ ಕೇಳೋ ಬೋನಸ್.

ಸರಿ, ಬೋನಸ್ ಕೊಡದೆ ಸಹಿ ಬೀಳೋದೇ ಇಲ್ಲ ಅಂದ್ರೆ? ಅದಕ್ಕೂ ದಾರಿ ಇದೆ, ಅದೂ ಐಸಿಸಿಯ ಕಾಯ್ದೆಯಲ್ಲೇ. ರೋಮ್ ಶಾಸನದ 16ನೇ ವಿಧಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೇಳಿಕೊಂಡರೆ ಒಂದು ಪ್ರಕರಣವನ್ನ 12 ತಿಂಗಳು ತಡೆಹಿಡಿಯಬಹುದು, ಬೇಕಾದ್ರೆ ಮತ್ತೆ ಮುಂದುವರಿಸಬಹುದು. ಪ್ರತಿ ವರ್ಷ ರಿನ್ಯೂವಲ್. ಮಕ್ಕಳನ್ನ ವಾಪಸ್ ಕಳಿಸಿದಿರಾ, ಕದನವಿರಾಮ ಪಾಲಿಸಿದಿರಾ, ತೋರಿಸಿ, ಇನ್ನೊಂದು ವರ್ಷ ತಗೊಳ್ಳಿ. ನಾನು ಮೊರಟೋರಿಯಂ ಅಂದದ್ದು ಇದನ್ನೇ. ಮನ್ನಾ ಕೊಟ್ಟ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ. ಮೊರಟೋರಿಯಂ ಕೊಟ್ಟರೆ ಪ್ರತಿ ವರ್ಷ ಅವರೇ ಬಂದು ಕೇಳಬೇಕು.

ಮತ್ತೆ ಮನ್ನಾ ಮಾಡೋಕೆ ಇವರಿಗೆ ಹಕ್ಕಾದರೂ ಏನು? ಸಾಲ ಕೊಟ್ಟವನು ಮನ್ನಾ ಮಾಡಬೇಕು. ಮಗು ಕಳ್ಕೊಂಡ ತಾಯಿಯ ಪರವಾಗಿ ವಾಷಿಂಗ್ಟನ್‌ನಲ್ಲಿ ಕೂತವರು ಸಹಿ ಹಾಕೋದು ಯಾವ ಲೆಕ್ಕ?

(7/7)
ದೂರದ ವಿಷಯ ಅನ್ನಿಸ್ತಾ ಇದೆಯಾ? 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಮೆಡಿಕಲ್ ಓದ್ತಿದ್ದ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ದಿನಸಿ ತರಲು ಹೊರಗೆ ಹೋದಾಗ ಶೆಲ್ ದಾಳಿಯಲ್ಲಿ ತೀರಿಕೊಂಡರು. ಅವರಿಗಾಗ ಹೆಚ್ಚುಕಮ್ಮಿ ಇವತ್ತಿನ ನಮ್ಮ ವಯಸ್ಸು ಅಷ್ಟೇ. ಆಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಟಿವಿಯಲ್ಲಿ ಎರಡು ವಾರ ನೀಟ್, ಸೀಟು, ಫೀಸು ಅಂತ ಚರ್ಚೆ ಆಯ್ತು. ಅದೂ ಬೇಕಿದ್ದ ಚರ್ಚೆಯೇ. ಆದ್ರೆ ಆ ಶೆಲ್ ಹಾರಿಸಲು ಹೇಳಿದ್ದು ಯಾರು ಅಂತ ಎಷ್ಟು ಜನ ಕೇಳಿದ್ವಿ? ಕ್ಷಮಾದಾನ ಬಂದರೆ ಆ ಪ್ರಶ್ನೆಯೂ ಅದರೊಳಗೇ ಹೋಗುತ್ತೆ, ಹಾವೇರಿಯನ್ನ ಯಾರೂ ಕೇಳದೇನೆ.

ಆಮೇಲೆ ಕಲಬುರಗಿ ಕಡೆಯ ಯುವಕರು. ಸೆಕ್ಯುರಿಟಿ ಕೆಲಸ ಅಂತ ನಂಬಿ ಹೋದವರನ್ನ ರಷ್ಯಾ ಸೇನೆ ಜೊತೆ ಯುದ್ಧದ ಹತ್ತಿರಕ್ಕೆ ಕಳಿಸಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದರು. ಬೇರೆ ರಾಜ್ಯಗಳ ಕೆಲವರು ವಾಪಸ್ ಬರಲೇ ಇಲ್ಲ. ಇಲ್ಲಿನ ಏಜೆಂಟರ ಮೇಲೆ ಸಿಬಿಐ ಕೇಸ್ ಹಾಕಿದೆ. ಸಣ್ಣ ಮೀನಿಗೆ ಬಲೆ ಇದೆ.

ಸರ್ಕಾರದ ಮಟ್ಟದಲ್ಲಿ ನಾವು ಸುಮ್ಮನಿರೋದು ಯಾಕೆ ಅಂತ ಕಾಮರ್ಸ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾತೈಲ ಆಮದಿನಲ್ಲಿ ರಷ್ಯಾದ್ದು ಶೇ. 2ಕ್ಕಿಂತ ಕಡಿಮೆ, ಆಮೇಲೆ ಮೂರನೇ ಒಂದಕ್ಕೂ ಹೆಚ್ಚು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯಲ್ಲಿ 141 ದೇಶಗಳು ದಾಳಿ ಖಂಡಿಸಿದವು, 35 ದೇಶಗಳು ಮತದಿಂದ ದೂರ ಉಳಿದವು, ಆ 35ರಲ್ಲಿ ನಾವೂ ಒಬ್ಬರು. ಅಗ್ಗದ ಎಣ್ಣೆ ಬೇಡ ಅಂತ ನಾನು ಹೇಳಲ್ಲ, ನಮ್ಮಪ್ಪನ ಬೈಕಿಗೂ ಪೆಟ್ರೋಲ್ ಬೇಕು. ಸರ್ಕಾರಕ್ಕೆ ಎಣ್ಣೆಯ ಲೆಕ್ಕ ಇದೆ, ಸರಿ. ನಿಮಗೂ ನನಗೂ ಆ ಲೆಕ್ಕ ಇಲ್ಲವಲ್ಲ, ನಾವ್ಯಾಕೆ ಬಾಯಿ ಮುಚ್ಚಿಕೊಂಡಿರಬೇಕು?

ಮುಂದೆ ಗಮನಿಸಬೇಕಾದ ಎರಡು ವಿಷಯ ಹೇಳಿ ಮುಗಿಸ್ತೀನಿ.

ಒಂದು, 2025ರ ಜೂನ್ 25ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಉಕ್ರೇನ್ ಮತ್ತು ಕೌನ್ಸಿಲ್ ಆಫ್ ಯುರೋಪ್ ಒಂದು ವಿಶೇಷ ನ್ಯಾಯಮಂಡಳಿಗೆ ಸಹಿ ಹಾಕಿದವು. ಯುದ್ಧ ಶುರು ಮಾಡಿದ ಅಪರಾಧಕ್ಕೇ ಮೀಸಲು. ರಷ್ಯಾ ಸದಸ್ಯ ಅಲ್ಲದ ಕಾರಣ ಆ ಒಂದು ಅಪರಾಧವನ್ನ ಐಸಿಸಿ ಮುಟ್ಟೋಕಾಗಲ್ಲ, ಆ ಕಿಂಡಿ ಮುಚ್ಚಲು ಇದು. ಇದರಲ್ಲೂ ಅಧ್ಯಕ್ಷ, ಪ್ರಧಾನಿ, ವಿದೇಶಾಂಗ ಸಚಿವ ಈ ಮೂವರನ್ನ ಕುರ್ಚಿಯಲ್ಲಿರುವವರೆಗೆ ವಿಚಾರಣೆಗೆ ಎಳೆಯೋ ಹಾಗಿಲ್ಲ. ನನಗೆ ಇದು ಬೇಸರದ ರಾಜಿ. ಆದ್ರೂ ಗಮನಿಸಿ, ಇದೂ ಮೊರಟೋರಿಯಮ್ಮೇ, ಮನ್ನಾ ಅಲ್ಲ.

ಎರಡು, ನಷ್ಟದ ನೋಂದಣಿ. 2023ರಿಂದ ಹೇಗ್‌ನಲ್ಲಿ ಒಂದು ರಿಜಿಸ್ಟರ್ ಇದೆ. ಮನೆ ಹೋದವರು, ಮಕ್ಕಳನ್ನ ಕಳ್ಕೊಂಡವರು ಅದರಲ್ಲಿ ಅರ್ಜಿ ಹಾಕ್ತಿದ್ದಾರೆ. ಯಾವತ್ತು ದುಡ್ಡು ಬರುತ್ತೋ ಗೊತ್ತಿಲ್ಲದೆಯೂ ಒಬ್ಬೊಬ್ಬರಾಗಿ ಎಂಟ್ರಿ ಹಾಕಿಸ್ತಿದ್ದಾರೆ.

ಮುಂದಿನ ಸಲ ಯಾವುದಾದರೂ ಒಪ್ಪಂದದ ಕರಡು ಬಂದಾಗ ಮ್ಯಾಪ್ ನೋಡಿ ಸ್ಕ್ರೋಲ್ ಮಾಡಬೇಡಿ. ಕೊನೆಯ ಅಂಶಗಳವರೆಗೆ ಇಳಿದು ಕ್ಷಮಾದಾನದ ಸಾಲು ಇದೆಯಾ ನೋಡಿ. ಇದ್ದರೆ ಸ್ಕ್ರೀನ್‌ಶಾಟ್ ತೆಗೆದು ನನಗೂ ಕಳಿಸಿ. ನನ್ನ ಮಾತು ಒಪ್ಪದವರು ಕಾಮೆಂಟ್‌ನಲ್ಲಿ ಬನ್ನಿ, 6ನೇ ಪೋಸ್ಟಿನ ಪ್ರಶ್ನೆಗೆ ನನ್ನ ಉತ್ತರಕ್ಕಿಂತ ಒಳ್ಳೇ ಉತ್ತರ ಇದ್ದರೆ ಪಿನ್ ಮಾಡ್ತೀನಿ.

#ಲೆಕ್ಕ_ಬಾಕಿ #ಉಕ್ರೇನ್ #ಕನ್ನಡದಲ್ಲಿ_ಓದಿ